ಹಳಿಯನ್ನು ಬಲ್ಲವರು ಎಲ್ಲಿ ಹೋದರು?

ರೈಲ್ವೆ ಖಾಸಗೀಕರಣದ ಮಾತು ಬಂದಾಗಲೆಲ್ಲ ನಾವು ಟಿಕೆಟ್ ದರ, ನೌಕರಿ, ಲಾಭ-ನಷ್ಟ ಇಷ್ಟನ್ನೇ ಚರ್ಚಿಸುತ್ತೇವೆ. ಹಳಿಯ ಮೇಲೆ ನಡೆದು ಅದರ ಆರೋಗ್ಯ ಹೇಳಬಲ್ಲ ಇಂಜಿನಿಯರನ ಗತಿ ಏನಾಯಿತೆಂದು ಕೇಳುವುದು ಕಡಿಮೆ. ಬ್ರಿಟನ್ನಿನ ಇತಿಹಾಸ ಈ ಪ್ರಶ್ನೆಗೆ ಬಹಳ ದುಬಾರಿಯಾದ ಉತ್ತರ ಕೊಟ್ಟಿದೆ.

1948ರ ಜನವರಿ 1ರಂದು ಅಲ್ಲಿನ ರೈಲ್ವೆ ರಾಷ್ಟ್ರೀಕರಣಗೊಂಡಿತು. ಬ್ರಿಟಿಷ್ ರೈಲ್ ಎಂದರೆ ತಡವಾಗುವ ಗಾಡಿ, ಒಣಗಿದ ಸ್ಯಾಂಡ್‌ವಿಚ್ ಎಂಬ ಗೇಲಿ ಅಲ್ಲಿ ಮನೆಮಾತಾಗಿತ್ತು. ಆದರೆ 1976ರಲ್ಲಿ ಗಂಟೆಗೆ 125 ಮೈಲಿ ವೇಗದ ಡೀಸೆಲ್ ಗಾಡಿ ಓಡಿಸಿದವರೂ, 1991ರಲ್ಲಿ ಲಂಡನ್-ಎಡಿನ್‌ಬರೋ ಪೂರ್ವ ಮಾರ್ಗದ ವಿದ್ಯುದೀಕರಣ ಮುಗಿಸಿದವರೂ ಇದೇ ಸಂಸ್ಥೆಯ ಇಂಜಿನಿಯರುಗಳು. 1970ರ ದಶಕದಲ್ಲಿ ಕೆಲಸಕ್ಕೆ ಸೇರಿದವನಿಗೆ ಹಳಿ, ಸಿಗ್ನಲ್, ಗಾಡಿ ಎಲ್ಲವೂ ಒಂದೇ ಮನೆಯವು.

1993ರ ಕಾಯ್ದೆ ಈ ಮನೆಯನ್ನು ಪಾಲು ಮಾಡಿತು. ನೂರಕ್ಕೂ ಹೆಚ್ಚು ಕಂಪೆನಿಗಳು ಹುಟ್ಟಿಕೊಂಡವು. ಹಳಿಯ ಒಡೆತನ ರೈಲ್‌ಟ್ರ್ಯಾಕ್‌ಗೆ ಹೋಯಿತು. 1996ರಲ್ಲಿ ಅದರ ಶೇರುಗಳು ಮಾರಾಟವಾದವು. ದುರಸ್ತಿ ಮಾತ್ರ ಗುತ್ತಿಗೆದಾರರ ಕೈಗೆ. ನಿನ್ನೆಯ ಸಹೋದ್ಯೋಗಿಗಳ ನಡುವೆ ಈಗ ಕರಾರುಪತ್ರ, ದಂಡ, ವಕೀಲರು ಬಂದು ನಿಂತರು. ತನ್ನ ಆಸ್ತಿ ಯಾವ ಸ್ಥಿತಿಯಲ್ಲಿದೆ ಎಂಬ ಸಮಗ್ರ ದಾಖಲೆಯೂ ರೈಲ್‌ಟ್ರ್ಯಾಕ್ ಬಳಿ ಇರಲಿಲ್ಲ. ಆ ತಿಳಿವು ಇದ್ದದ್ದು ಹಳಬರ ತಲೆಯಲ್ಲಿ, ಅವರೋ ಚದುರಿಹೋಗಿದ್ದರು. ಅದರ ಮುಖ್ಯಸ್ಥರಾಗಿದ್ದ ಜೆರಾಲ್ಡ್ ಕಾರ್ಬೆಟ್ ಕೂಡಾ ಬಂದದ್ದು ಹಣಕಾಸು ರಂಗದಿಂದ, ರೈಲ್ವೆಯಿಂದಲ್ಲ.

2000ದ ಅಕ್ಟೋಬರ್ 17ರಂದು ಲಂಡನ್‌ನಿಂದ ಲೀಡ್ಸ್‌ಗೆ ಹೊರಟ ಗಾಡಿ ಹ್ಯಾಟ್‌ಫೀಲ್ಡ್ ಬಳಿಯ ತಿರುವಿನಲ್ಲಿ ಹಳಿ ತಪ್ಪಿತು. ನಾಲ್ವರು ಸತ್ತರು, ಎಪ್ಪತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಗಾಲಿಗಳ ಒತ್ತಡಕ್ಕೆ ಹಳಿಯ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಮೂಡಿ ಮೆಲ್ಲನೆ ಒಳಗಿಳಿಯುತ್ತದೆ. ಗಾಡಿ ಹಾಯುವಾಗ ಆ ಹಳಿ ಮುನ್ನೂರಕ್ಕೂ ಹೆಚ್ಚು ಚೂರಾಯಿತು. ಬಿರುಕಿನ ವಿಷಯ ಮೊದಲೇ ಗೊತ್ತಿತ್ತು. ಬದಲಿ ಹಳಿ ತಿಂಗಳುಗಳಿಂದ ಪಕ್ಕದಲ್ಲೇ ಬಿದ್ದಿತ್ತು! ದುರಸ್ತಿ ಒಬ್ಬ ಗುತ್ತಿಗೆದಾರನದು, ಹಳಿ ಬದಲಿಸುವುದು ಇನ್ನೊಬ್ಬನದು, ಅದಕ್ಕಾಗಿ ಗಾಡಿಗಳನ್ನು ನಿಲ್ಲಿಸಿ ಅನುವು ಮಾಡಿಕೊಡುವುದು ರೈಲ್‌ಟ್ರ್ಯಾಕಿನದು. ಇಂಥ ಬಿರುಕು ಇನ್ನೆಲ್ಲೆಲ್ಲಿದೆ ಎಂದು ಖಚಿತವಾಗಿ ಹೇಳಲಾಗದೆ ದೇಶದಾದ್ಯಂತ ಸಾವಿರಕ್ಕೂ ಹೆಚ್ಚು ಕಡೆ ವೇಗಮಿತಿ ಹೇರಲಾಯಿತು. ಪ್ರಯಾಣಿಕರು ತಿಂಗಳುಗಟ್ಟಲೆ ಪಾಡುಪಟ್ಟರು.

ಇದೇ ಸಂಸ್ಥೆ ಲಂಡನ್-ಗ್ಲಾಸ್ಗೋ ಪಶ್ಚಿಮ ಮಾರ್ಗದ ನವೀಕರಣಕ್ಕೂ ಕೈಹಾಕಿತ್ತು. ಎಲ್ಲೂ ಪರೀಕ್ಷೆಯಾಗದ ಸಿಗ್ನಲ್ ವ್ಯವಸ್ಥೆಯನ್ನು ನಂಬಿ 140 ಮೈಲಿ ವೇಗದ ಭರವಸೆ ಕೊಟ್ಟಿತು. ಸುಮಾರು 200 ಕೋಟಿ ಪೌಂಡಿನ ಅಂದಾಜು 900 ಕೋಟಿಯ ಹತ್ತಿರಕ್ಕೆ ಏರಿತು. 2008ರಲ್ಲಿ ಕೆಲಸ ಮುಗಿದಾಗ ಸಿಕ್ಕಿದ ವೇಗ 125 ಮೈಲಿ.

ಹಾಗೆಂದು ಖಾಸಗಿಯವರು ಮುಟ್ಟಿದ್ದೆಲ್ಲ ಕೆಟ್ಟಿತೆನ್ನಲಾಗದು. ಇಂಗ್ಲಿಷ್ ಕಾಲುವೆಯ ಸುರಂಗದಿಂದ ಲಂಡನ್‌ವರೆಗಿನ ಸುಮಾರು 108 ಕಿ.ಮೀ. ವೇಗದ ಮಾರ್ಗವನ್ನು ಇಂಜಿನಿಯರಿಂಗ್ ಸಂಸ್ಥೆಗಳ ಒಕ್ಕೂಟವೊಂದು 2007ರಲ್ಲಿ ಚೊಕ್ಕವಾಗಿ ಮುಗಿಸಿಕೊಟ್ಟಿತು. ಅಲ್ಲಿ ವಿನ್ಯಾಸವೂ ಮೇಲ್ವಿಚಾರಣೆಯೂ ಬಲ್ಲವರ ಕೈಯಲ್ಲೇ ಇತ್ತು. ಆದರೆ ಹಣ ಸಾಲದಾದಾಗ, 1998ರಲ್ಲಿ, ಸರಕಾರವೇ ಖಾತರಿ ನಿಲ್ಲಬೇಕಾಯಿತು.

ರೈಲ್‌ಟ್ರ್ಯಾಕ್ 2001ರಲ್ಲಿ ಕುಸಿಯಿತು. ಮರುವರ್ಷ ಅದರ ಜಾಗಕ್ಕೆ ಬಂದ, ಶೇರುದಾರರಿಲ್ಲದ ನೆಟ್‌ವರ್ಕ್ ರೈಲ್ ಹಳಿ ದುರಸ್ತಿಯನ್ನು ಗುತ್ತಿಗೆದಾರರಿಂದ ಹಿಂಪಡೆಯಲು 2003ರಲ್ಲಿ ನಿರ್ಧರಿಸಿತು. 2024ರ ಕಾಯ್ದೆಯಂತೆ ಪ್ರಯಾಣಿಕ ಗಾಡಿಗಳೂ ಸರಕಾರದ ಕೈಗೆ ಮರಳತೊಡಗಿದವು. 2025ರ ಮೇ ತಿಂಗಳಲ್ಲಿ ಸೌತ್ ವೆಸ್ಟರ್ನ್ ರೈಲ್ವೆ ಮೊದಲನೆಯದಾಯಿತು. 1970ರ ದಶಕದಲ್ಲಿ ಕೆಲಸಕ್ಕೆ ಸೇರಿದ್ದ ಇಂಜಿನಿಯರುಗಳ ತಲೆಮಾರು ಅಷ್ಟರಲ್ಲಿ ನಿವೃತ್ತಿಯ ವಯಸ್ಸು ದಾಟಿತ್ತು.