ಮನೆಗೆ ಬಾರದ ‘ಸಂಧ್ಯಾರಾಗ’

ಭೀಮಸೇನ ಜೋಶಿಯವರು ಹುಟ್ಟಿದ್ದು 1922ರಲ್ಲಿ, ರೋಣದಲ್ಲಿ. ಅವರ ಬಾಲ್ಯದ ಕತೆ ನಮ್ಮ ಭಾಗದಲ್ಲಿ ಬಹಳ ಜನಕ್ಕೆ ಬಾಯಿಪಾಠ. ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆಯೊಂದನ್ನು ಕೇಳಿ, ಹಾಡಿದರೆ ಹೀಗೆ ಹಾಡಬೇಕು ಎಂದು ಹಟ ಹಿಡಿದ ಹುಡುಗ ಹನ್ನೊಂದನೆಯ ವಯಸ್ಸಿಗೆ ಮನೆ ಬಿಟ್ಟ. ಗುರುವನ್ನು ಹುಡುಕುತ್ತ ಉತ್ತರದ ಊರುಗಳನ್ನೆಲ್ಲ ಅಲೆದು, ಕೊನೆಗೆ ಹತ್ತಿರದ ಕುಂದಗೋಳಕ್ಕೇ ಬಂದು ಸವಾಯಿ ಗಂಧರ್ವರ ಶಿಷ್ಯನಾದ. ಈ ಕತೆಯಲ್ಲಿ ಎಲ್ಲರೂ ಗುರುಭಕ್ತಿಯನ್ನು ಕಾಣುತ್ತಾರೆ. ನನ್ನ ಕಣ್ಣು ಮಾತ್ರ ಆ ತಟ್ಟೆಯ ಮೇಲೆ ನಿಲ್ಲುತ್ತದೆ. ಒಬ್ಬ ದೊಡ್ಡ ಗಾಯಕನ ದನಿ ಕೇಳುವಷ್ಟು ಚೆನ್ನಾಗಿ ಅಚ್ಚಾಗಿ, ಈ ಕಡೆಯ ಒಂದು ಅಂಗಡಿಯ ತನಕ ಬಂದಿತ್ತು. ಆ ಪ್ರತಿ ಸವಕಲಾಗಿದ್ದರೆ ಹಿಂದೂಸ್ತಾನಿ ಸಂಗೀತದ ಚರಿತ್ರೆ ಬೇರೆ ಆಗುತ್ತಿತ್ತೋ ಏನೋ.

ಅದೇ ಭೀಮಸೇನರು 1966ರಲ್ಲಿ ‘ಸಂಧ್ಯಾರಾಗ’ ಎಂಬ ಕನ್ನಡ ಚಿತ್ರಕ್ಕೆ ಹಾಡಿದರು. ಅ.ನ.ಕೃ. ಅವರ ಕಾದಂಬರಿ, ಜಿ.ಕೆ. ವೆಂಕಟೇಶರ ಸಂಗೀತ, ಸಂಗೀತಗಾರನ ಪಾತ್ರದಲ್ಲಿ ರಾಜ್‌ಕುಮಾರ್. ಹತ್ತು ವರ್ಷ ಮೊದಲು ‘ಬಸಂತ್ ಬಹಾರ್’ ಎಂಬ ಹಿಂದಿ ಚಿತ್ರದಲ್ಲಿ ಮನ್ನಾ ಡೇ ಜೊತೆ ಅವರು ಹಾಡಿದ್ದರು. ಆ ಚಿತ್ರಕ್ಕೂ ಮೂಲ ಕನ್ನಡದ್ದೇ, ತ.ರಾ.ಸು. ಅವರ ‘ಹಂಸಗೀತೆ’. ಹಿಂದಿಯ ಆ ಹಾಡು ದೇಶವೆಲ್ಲ ತಿರುಗಿತು, ಇಂದಿಗೂ ತಿರುಗುತ್ತಿದೆ. ಆದರೆ ಗಾಯಕನ ಹುಟ್ಟೂರಿನ ಭಾಷೆಯಲ್ಲಿರುವ ಚಿತ್ರವನ್ನು ಇಂದು ನೋಡಬೇಕೆಂದರೆ ನನಗೆ ಸಿಕ್ಕದ್ದು ಅಂತರ್ಜಾಲದಲ್ಲಿರುವ ಒಂದು ಮಸುಕು ಪ್ರತಿ. ಬಿಳಿ ಪಂಚೆ ಬಿಳಿ ಗೋಡೆಯಲ್ಲಿ ಕರಗಿಹೋಗುತ್ತದೆ, ಮೂಲೆಯಲ್ಲಿ ಯಾವುದೋ ಕಂಪನಿಯ ಮುದ್ರೆ ಕೂತಿರುತ್ತದೆ, ತಾನಿನ ತುದಿಯಲ್ಲಿ ಸುಂಯ್ ಎನ್ನುವ ಸದ್ದು.

ಇದನ್ನು ಬರೀ ಮಾರುಕಟ್ಟೆಯ ಉದಾಸೀನ ಎಂದು ಬಿಟ್ಟುಬಿಡುವುದು ಸುಲಭ. ಆದರೆ ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳಿಗೆ ಸಿನಿಮಾ ಹೇಗೆ ಬಂತು ಎಂಬುದನ್ನು ಹಿಂದಿನಿಂದ ನೋಡುತ್ತ ಬಂದರೆ, ನಮಗೆ ಒಳ್ಳೆಯ ಪ್ರತಿ ಯಾವತ್ತೂ ಬಂದೇ ಇರಲಿಲ್ಲ ಎಂಬುದು ತಿಳಿಯುತ್ತದೆ.

ಚಿತ್ರ ತಯಾರಾಗುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ. ನೆಗೆಟಿವ್ ಅಲ್ಲಿಯ ಲ್ಯಾಬಿನಲ್ಲೇ ಉಳಿಯುತ್ತಿತ್ತು. ಅದರಿಂದ ಬೆರಳೆಣಿಕೆಯಷ್ಟು ಪ್ರಿಂಟ್ ತೆಗೆದು ಹಂಚುತ್ತಿದ್ದರು. ಮೊದಲು ಬೆಂಗಳೂರು, ಮೈಸೂರು. ಆಮೇಲೆ ಹಂಚಿಕೆದಾರರ ಭಾಷೆಯಲ್ಲಿ ಮುಂಬೈ ಕರ್ನಾಟಕ ಎನಿಸಿಕೊಂಡ ನಮ್ಮ ಪ್ರದೇಶ: ಹುಬ್ಬಳ್ಳಿ, ಗದಗ, ಅಲ್ಲಿಂದ ತಾಲ್ಲೂಕಿನ ಟಾಕೀಸು, ಕಟ್ಟಕಡೆಗೆ ಹಳ್ಳಿಯ ಟೆಂಟು. ಪ್ರತಿ ಊರಿನಲ್ಲೂ ಪ್ರೊಜೆಕ್ಟರಿನ ಹಲ್ಲು ಅದನ್ನು ಒಂದಿಷ್ಟು ಗೀರುತ್ತಿತ್ತು. ತುಂಡಾದಲ್ಲಿ ಕತ್ತರಿಸಿ ಅಂಟಿಸಿದಾಗ ನಾಲ್ಕು ಚೌಕಟ್ಟು ಹೋಗುತ್ತಿದ್ದವು. ದನಿಯ ಪಟ್ಟಿ ಇರುವುದೂ ಅದೇ ಫಿಲ್ಮಿನ ಅಂಚಿನಲ್ಲಿ. ಆ ಗೀರುಗಳೇ ನಮಗೆ ಸದ್ದಾಗಿ ಕೇಳುತ್ತವೆ. ಹಾಡು ಬಂದಾಗ ಜನ ‘ಒನ್ಸ್ ಮೋರ್’ ಎಂದರೆ ಅದೇ ರೀಲು ಮತ್ತೊಮ್ಮೆ ಓಡಬೇಕು. ಅಂದರೆ ಜನಕ್ಕೆ ಹೆಚ್ಚು ಪ್ರೀತಿಯಾದ ಭಾಗವೇ ಮೊದಲು ಸವೆಯುತ್ತಿತ್ತು.

ಓಡಿ ಓಡಿ ಹಾಳಾದ ಪ್ರಿಂಟು ಗುಜರಿಗೆ ಹೋಗುತ್ತಿತ್ತು. ಕಪ್ಪು-ಬಿಳುಪಿನ ಫಿಲ್ಮಿನಲ್ಲಿ ಬೆಳ್ಳಿ ಇರುತ್ತದಲ್ಲ, ಅದನ್ನು ತೆಗೆಯುವುದೇ ಒಂದು ದಂಧೆ. ಉಳಿದ ತುಣುಕುಗಳು ಜಾತ್ರೆಯಲ್ಲಿ ಹುಡುಗರ ಕೈ ಸೇರುತ್ತಿದ್ದವು. ಸುಟ್ಟ ಬಲ್ಬಿನ ಒಳಗನ್ನು ತೆಗೆದು ನೀರು ತುಂಬಿ, ಕನ್ನಡಿಯಿಂದ ಬಿಸಿಲು ಹಾಯಿಸಿ, ಕತ್ತಲು ಕೋಣೆಯ ಗೋಡೆಯ ಮೇಲೆ ರಾಜ್‌ಕುಮಾರರನ್ನು ನಿಲ್ಲಿಸಿದ ಹುಡುಗರು ಈ ಕಡೆಯ ಊರೂರಲ್ಲಿ ಇದ್ದರು. ಗೀರು ಬಿದ್ದಿದ್ದರೂ ಅದು 35 ಎಂ.ಎಂ. ಫಿಲ್ಮಿನ ನಿಜವಾದ ಚೌಕಟ್ಟು. ನಮ್ಮ ಮನೆಗಳ ತನಕ ಬಂದ ಕನ್ನಡ ಸಿನಿಮಾದ ಅತಿ ಸ್ಪಷ್ಟ ಪ್ರತಿ ಬಹುಶಃ ಅದೇ.

ಏಕೆಂದರೆ ಆಮೇಲೆ ಬಂದವೆಲ್ಲ ಅದಕ್ಕಿಂತ ಕಡಿಮೆಯವು. ಎಂಬತ್ತರ ದಶಕದಲ್ಲಿ ಟಿ.ವಿ. ಮತ್ತು ವಿಸಿಆರ್ ಬಾಡಿಗೆ ತಂದು, ಗುಡಿಯ ಮುಂದೆ ಇಟ್ಟು, ಬೆಳಗಿನ ತನಕ ಮೂರು ಸಿನಿಮಾ ನೋಡುವ ರೂಢಿ ಬಂತು. ತೊಂಬತ್ತರ ಕೊನೆಗೆ ವಿಸಿಡಿ. ಒಂದು ಸಿನಿಮಾ ಎರಡು ಅಥವಾ ಮೂರು ತಟ್ಟೆ. ವಿಸಿಡಿಯ ಒಂದು ಚಿತ್ರದಲ್ಲಿರುವುದು 352 ಅಡ್ಡ, 288 ಉದ್ದ, ಅಂದರೆ ಒಂದು ಲಕ್ಷದಷ್ಟು ಚುಕ್ಕಿ. ಬ್ಲೂ-ರೇ ತಟ್ಟೆಯಲ್ಲಿ 1920ಕ್ಕೆ 1080, ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಇಪ್ಪತ್ತು ಪಟ್ಟು ವ್ಯತ್ಯಾಸ. ಬ್ಲೂ-ರೇ 2006ರಲ್ಲಿ ಬಂದಾಗ ನಮ್ಮ ಕಡೆ ವಿಸಿಡಿಯೇ ರಾಜ. ದುಬಾರಿ ಪ್ಲೇಯರ್ ಕೊಂಡು ನೋಡುವವರಿಗಾಗಿ ಹಳೆಯ ಕನ್ನಡ ಚಿತ್ರವನ್ನು ಹೊಸದಾಗಿ ಸ್ಕ್ಯಾನ್ ಮಾಡಿ ಅಚ್ಚು ಹಾಕುವ ಸಾಹಸ ಯಾರಿಗೂ ಲಾಭವಾಗಿ ಕಾಣಲಿಲ್ಲ. ಅಷ್ಟರಲ್ಲಿ ಮೊಬೈಲು ಬಂತು, ತಟ್ಟೆಯ ಅಂಗಡಿಯೇ ಮುಚ್ಚಿತು. ಟಿ.ವಿ. ಚಾನೆಲ್ಲಿಗೋ ವಿಸಿಡಿಗೋ ಎಂದು ಒಮ್ಮೆ ಟೇಪಿಗೆ ಇಳಿಸಿಕೊಂಡ ಪ್ರತಿಯೇ ಇಂದು ಅಂತರ್ಜಾಲದಲ್ಲಿ ಓಡುತ್ತಿರುವುದು. ಕೆಲವರು ಅದನ್ನೇ ಹಿಗ್ಗಿಸಿ ‘ಎಚ್‌ಡಿ’ ಎಂದು ಹೆಸರು ಹಚ್ಚುತ್ತಾರೆ. ಇಲ್ಲದ ಚುಕ್ಕಿ ಹಿಗ್ಗಿಸಿದರೆ ಬರುವುದಿಲ್ಲ.

ಹಳೆಯ ಸಿನಿಮಾ ಎಂದ ಮೇಲೆ ಹೀಗೇ ಇರುವುದು ಸಹಜ ಎಂದು ನಾವು ನಂಬಿಬಿಟ್ಟಿದ್ದೇವೆ. ಅದು ಸುಳ್ಳು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಹೊಸ ಜೀವ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ 4ಕೆ ಸ್ಪಷ್ಟತೆಯಲ್ಲಿ ತೆರೆಕಂಡಿತು. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಮಾರ್ಟಿನ್ ಸ್ಕೋರ್ಸೆಸಿಯವರ ಫಿಲ್ಮ್ ಫೌಂಡೇಶನ್ ಸೇರಿ ಮಾಡಿಸಿದ ಕೆಲಸ ಅದು. ಸಾಧ್ಯವಾದದ್ದು ಏಕೆ? ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಸ್ವರ್ಣಕಮಲ ಪಡೆದ ಚಿತ್ರವಾಗಿತ್ತು. ನೆರಳು-ಬೆಳಕು ಹೀಗಿತ್ತು ಎಂದು ಹೇಳಲು ನಿರ್ದೇಶಕರು ಪಕ್ಕದಲ್ಲೇ ಇದ್ದರು. ಸತ್ಯಜಿತ್ ರಾಯರ ಅಪು ಚಿತ್ರಗಳ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬಿನ ಬೆಂಕಿಯಲ್ಲಿ ಬೆಂದುಹೋಗಿತ್ತು. ಬೆಂದ ಸುರುಳಿಯನ್ನೇ ಬಿಡಿಸಿ, ಹೋದದ್ದನ್ನು ಬೇರೆ ಪ್ರತಿಗಳಿಂದ ತುಂಬಿ, 2015ರಲ್ಲಿ ಬ್ಲೂ-ರೇಗೆ ತಂದರು.

ಪ್ರಶಸ್ತಿಯ ಚಿತ್ರಗಳಿಗೆ ಹೀಗೆ ಒಂದು ದಾರಿ ಇದೆ. ರೋಣದ ಟಾಕೀಸಿನಲ್ಲಿ ಜನ ನುಗ್ಗಿ ನೋಡಿದ, ಅತ್ತ, ಸಿಳ್ಳೆ ಹೊಡೆದ ಚಿತ್ರಗಳಿಗೆ ಇರುವುದು ಬಣ್ಣದ ದಾರಿ ಒಂದೇ. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಬಳಿದುಕೊಂಡು ಮತ್ತೆ ಬಂದವು. ಇಟ್ಟ ದುಡ್ಡು ಚಿತ್ರಮಂದಿರದಲ್ಲಿ ತಿರುಗಿ ಬರಬೇಕಾದ್ದರಿಂದ ಬಣ್ಣ ಬೇಕಾಯಿತು, ಅದು ಅರ್ಥವಾಗುತ್ತದೆ. ಆದರೂ ಅಷ್ಟೇ ಶ್ರಮದಲ್ಲಿ ಛಾಯಾಗ್ರಾಹಕ ಹಾಕಿದ ನೆರಳನ್ನು ನೆರಳಾಗಿಯೇ ಉಳಿಸಿ ಕೊಟ್ಟಿದ್ದರೆ ಚರಿತ್ರೆಯ ವಿದ್ಯಾರ್ಥಿಗೆ ಹೆಚ್ಚು ಉಪಕಾರವಾಗುತ್ತಿತ್ತು. ನಮಗೆ ಸಿನಿಮಾ ದಾಖಲೆಯೂ ಹೌದು. ಅರವತ್ತರ ದಶಕದಲ್ಲಿ ಸಂಗೀತಗಾರನ ಮನೆಯನ್ನು ಹೇಗೆ ಕಲ್ಪಿಸಿಕೊಂಡಿದ್ದರು, ತಂಬೂರಿ ಎಲ್ಲಿಟ್ಟಿದ್ದರು, ಹಾಡುವಾಗ ರಾಜ್‌ಕುಮಾರರ ಗಂಟಲು ಭೀಮಸೇನರ ತಾನಿನ ಜೊತೆ ಎಷ್ಟು ಕೂಡಿಬರುತ್ತದೆ, ಇದನ್ನೆಲ್ಲ ಮಸುಕು ಪ್ರತಿಯಲ್ಲಿ ಓದಲಾಗುವುದಿಲ್ಲ. ಹಾಡು ತಟ್ಟೆಯ ರೂಪದಲ್ಲಿ ಬೇರೆಯಾಗಿ ಉಳಿದೀತು. ಆದರೆ ದೃಶ್ಯಕ್ಕೆ ಇರುವುದು ನೆಗೆಟಿವ್ ಮತ್ತು ಪ್ರಿಂಟ್, ಅಷ್ಟೇ. ಚಿತ್ರದ ನೆಗೆಟಿವ್ ಬೇರೆ, ದನಿಯ ನೆಗೆಟಿವ್ ಬೇರೆ. ಎರಡೂ ಸಿಕ್ಕರೆ ಮಾತ್ರ ಪೂರ್ತಿ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ತಯಾರಾದದ್ದು ನಮಗೆ ಮದರಾಸಿಗಿಂತ ಹತ್ತಿರವಾದ ಕೊಲ್ಲಾಪುರದಲ್ಲಿ. ಅದರ ಒಂದು ಪ್ರತಿಯೂ ಉಳಿದಿಲ್ಲ. ಪುಣೆಯ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ. 2003ರ ಜನವರಿಯಲ್ಲಿ ಅಲ್ಲಿಯ ನೈಟ್ರೇಟ್ ಫಿಲ್ಮುಗಳಿಗೂ ಬೆಂಕಿ ಬಿತ್ತು. ಆಮೇಲಿನ ಅಸಿಟೇಟ್ ಫಿಲ್ಮು ಹಾಗೆ ಉರಿಯುವುದಿಲ್ಲ, ಆದರೆ ಸೆಕೆಯಲ್ಲಿ ಹುಳಿತು ವಿನೆಗರಿನಂತೆ ನಾರಿ, ಮುದುಡಿ, ಸ್ಕ್ಯಾನರಿಗೆ ಹೊಂದದಂತಾಗುತ್ತದೆ. ‘ಸಂಧ್ಯಾರಾಗ’ದ ವಯಸ್ಸಿನ ಚಿತ್ರಗಳು ಈಗ ಆ ಘಟ್ಟದಲ್ಲಿವೆ.

ಇದರ ನಡುವೆ ಕಾನೂನಿನ ಗಡಿಯಾರ ಬೇರೆ ಓಡುತ್ತಿದೆ. ನಮ್ಮ ಕೃತಿಸ್ವಾಮ್ಯ ಕಾಯಿದೆಯಲ್ಲಿ ಸಿನಿಮಾದ ಹಕ್ಕು ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ. 1954ರ ‘ಬೇಡರ ಕಣ್ಣಪ್ಪ’ದ ಹಕ್ಕು 2014ಕ್ಕೇ ಮುಗಿಯಿತು. ‘ಸಂಧ್ಯಾರಾಗ’ದ್ದು 2026ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. (ಕಾದಂಬರಿಯ ಲೆಕ್ಕ ಬೇರೆ. ಅ.ನ.ಕೃ. ತೀರಿಕೊಂಡದ್ದು 1971ರಲ್ಲಿ, ಅದಕ್ಕೆ 2031ರ ತನಕ ಅವಧಿ ಇದೆ.) ಹಕ್ಕು ಮುಗಿದರೆ ಚಿತ್ರ ಎಲ್ಲರದಾಗುತ್ತದೆ ಎಂದು ನಾವು ಖುಷಿಪಡುತ್ತೇವೆ. ‘ಬೇಡರ ಕಣ್ಣಪ್ಪ’ ಎಲ್ಲರದಾಗಿ ಹತ್ತು ವರ್ಷ ದಾಟಿದರೂ ಮನೆಯಲ್ಲಿ ಇಟ್ಟುಕೊಳ್ಳುವಂಥ ಒಳ್ಳೆಯ ತಟ್ಟೆ ಅಂಗಡಿಗೆ ಬರಲಿಲ್ಲ. ಕಾಯಿದೆ ಹಕ್ಕನ್ನು ಬಿಡಿಸುತ್ತದೆಯೇ ಹೊರತು ಡಬ್ಬಿಯನ್ನು ತಂದು ಕೊಡುವುದಿಲ್ಲ. ನೆಗೆಟಿವ್ ಇಟ್ಟುಕೊಂಡವರಿಗೆ ಅದನ್ನು ತೋರಿಸಬೇಕೆಂಬ ನಿರ್ಬಂಧವೂ ಇಲ್ಲ, ಹಕ್ಕು ಮುಗಿದ ಮೇಲೆ ಕಾಪಾಡುವ ಆಸೆಯೂ ಉಳಿಯುವುದಿಲ್ಲ.

ಹಾಗಾಗಿ ಹುಡುಕಾಟ ಹಕ್ಕು ಮುಗಿಯುವುದಕ್ಕೆ ಮೊದಲೇ ಶುರುವಾಗಬೇಕು, ಮತ್ತು ಚೆನ್ನೈ, ಪುಣೆಯಲ್ಲಿ ಮಾತ್ರ ಅಲ್ಲ. ಹುಬ್ಬಳ್ಳಿಯ ಹಳೆಯ ಹಂಚಿಕೆ ಕಚೇರಿಗಳ ಗೋದಾಮು, ಗದಗ ಜಿಲ್ಲೆಯ ಮುಚ್ಚಿದ ಟಾಕೀಸುಗಳ ಪ್ರೊಜೆಕ್ಟರ್ ಕೋಣೆ, ಟೂರಿಂಗ್ ಟಾಕೀಸು ನಡೆಸಿದ ಮನೆತನಗಳ ಅಟ್ಟ, ಇವನ್ನೂ ನೋಡಬೇಕು. ನೆಗೆಟಿವಿನಲ್ಲಿ ಹಾಳಾದ ಒಂದು ರೀಲನ್ನು ಇಂಥ ಕಡೆ ಸಿಕ್ಕ ಪ್ರಿಂಟಿನಿಂದಲೇ ತುಂಬುತ್ತಾರೆ. ಅಪು ಚಿತ್ರಗಳಿಗೆ ಮಾಡಿದ್ದೂ ಅದನ್ನೇ. ನಮ್ಮ ಕಾಲೇಜುಗಳ ಇತಿಹಾಸ ವಿಭಾಗದ ಹುಡುಗರು ಶಾಸನ ಹುಡುಕಿಕೊಂಡು ಸೂಡಿಗೆ ಹೋಗುತ್ತಾರೆ, ಬಂಡಾಯದ ಗುರುತು ಹುಡುಕಿಕೊಂಡು ನರಗುಂದದ ಗುಡ್ಡ ಹತ್ತುತ್ತಾರೆ. ಅದೇ ಓಡಾಟದಲ್ಲಿ ಒಂದು ಟಾಕೀಸಿನ ಬಾಗಿಲು ತೆಗೆಸಿ ನೋಡಬಹುದು. ಡಬ್ಬಿಯ ಮೇಲೆ ಬರೆದ ಹೆಸರು, ಎಷ್ಟನೆಯ ರೀಲು, ಮುಚ್ಚಳ ತೆಗೆದರೆ ಹುಳಿ ವಾಸನೆ ಬರುತ್ತದೆಯೋ ಇಲ್ಲವೋ, ಇಷ್ಟನ್ನು ಬರೆದುಕೊಂಡು ಬಂದರೆ ಪುಣೆಗೆ ಒಂದು ಪತ್ರ ಹಾಕಲು ಸಾಕು.