ಪ್ಯಾಲೆಸ್ತೀನಿನ ದುಃಖ, ಯೆಹೂದಿಯರ ಭಯ ಮತ್ತು ನಮ್ಮ ವಿದ್ಯಾರ್ಥಿಗಳು



ನಮ್ಮ ಮಹಾಲಿಂಗಪುರಕ್ಕೂ ಗಾಜಾಪಟ್ಟಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಬೆಲ್ಲದ ಧಾರಣೆ, ಕಬ್ಬಿನ ಬಾಕಿ, ಘಟಪ್ರಭೆಯ ನೀರು, ಮಗ್ಗದ ಕೂಲಿ ಇವೇ ನಮ್ಮ ನಿತ್ಯದ ಮಾತುಗಳು. ಆದರೂ 2023ರ ಅಕ್ಟೋಬರಿನಿಂದ ಈಚೆಗೆ ನನ್ನ ಮೊಬೈಲಿಗೆ ಬರುವ ಸಂದೇಶಗಳನ್ನು ನೋಡಿದರೆ, ಆ ದೂರದ ಯುದ್ಧ ನಮ್ಮ ಅಗಸಿಯೊಳಗೂ ಬಂದಿದೆ ಎನ್ನಿಸುತ್ತದೆ. ಒಂದೇ ಬೆಂಚಿನ ಮೇಲೆ ಕುಳಿತು ಪಾಠ ಕೇಳಿದ ಇಬ್ಬರಲ್ಲಿ ಒಬ್ಬನು ಸತ್ತ ಮಕ್ಕಳ ಚಿತ್ರ ಕಳಿಸಿ, ಕೆಳಗೆ ಯೆಹೂದಿ ಕುಲವನ್ನೇ ಶಪಿಸುತ್ತಾನೆ. ಇನ್ನೊಬ್ಬನು ಆ ಮಕ್ಕಳ ಸಾವನ್ನು ಕಂಡು ನಗುವ ಚಿಹ್ನೆ ಹಾಕಿ, ನಮ್ಮೂರಿನ ಮುಸಲ್ಮಾನ ಹುಡುಗರೆಲ್ಲ ಉಗ್ರರೆಂದು ಬರೆಯುತ್ತಾನೆ. ಇಬ್ಬರೂ ಒಳ್ಳೆಯ ಮನೆತನದ ಮಕ್ಕಳೇ. ಇತಿಹಾಸ ಕಲಿಸಿ ಹೊಟ್ಟೆ ಹೊರೆದವನಾದ ನಾನು ಈ ವಿಷಯದಲ್ಲಿ ನಾಲ್ಕು ಮಾತು ಬರೆಯುವುದು ಕರ್ತವ್ಯವೆಂದು ತಿಳಿದಿದ್ದೇನೆ.

ಮೊದಲು ಘಟನೆಗಳನ್ನು ನೆನಪಿಸಿಕೊಳ್ಳೋಣ. 2023ರ ಅಕ್ಟೋಬರ್ 7ರಂದು ಹಮಾಸ್ ಸಂಘಟನೆಯವರು ಇಸ್ರೇಲಿನೊಳಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದರು, 251 ಜನರನ್ನು ಒತ್ತೆಯಾಳಾಗಿ ಒಯ್ದರು. ಅನಂತರ ಇಸ್ರೇಲ್ ನಡೆಸಿದ ಯುದ್ಧದಲ್ಲಿ, 2025ರ ಅಕ್ಟೋಬರ್ 10ರಂದು ಕದನ ವಿರಾಮ ಜಾರಿಗೆ ಬರುವ ವೇಳೆಗೆ, ಗಾಜಾದ ಆರೋಗ್ಯ ಇಲಾಖೆಯ ಲೆಕ್ಕದಂತೆ ಸತ್ತವರ ಸಂಖ್ಯೆ 67,000 ದಾಟಿತ್ತು. ಅವರಲ್ಲಿ ಹೆಂಗಸರು, ಮಕ್ಕಳು ಬಹಳ. ಈ ಎರಡು ವಾಕ್ಯಗಳಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ನುಂಗುವವನು ಇತಿಹಾಸ ಹೇಳುತ್ತಿಲ್ಲ, ವಕಾಲತ್ತು ಮಾಡುತ್ತಿದ್ದಾನೆ.

ದೂರದವರ ದುಃಖಕ್ಕೆ ನಮ್ಮ ಹುಡುಗರು ಯಾಕೆ ಮರುಗಬೇಕು ಎನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪಲಾರೆ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಬಂದರೆ ಹಿಂದೂಗಳೂ ಮುಸಲ್ಮಾನರೂ ಕೂಡಿ ಅಲಾಯಿ ಕುಣಿಯ ಸುತ್ತ ರಿವಾಯತ್ ಪದ ಹಾಡುತ್ತಾರೆ. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ನಡೆದ ಒಂದು ಕಾಳಗದ ಶೋಕವನ್ನು ಕನ್ನಡದಲ್ಲಿ ಹಾಡಿ ಕಣ್ಣೀರು ಹಾಕಿದ ಜನ ನಾವು. ನಮಗೆ ದೂರವಲ್ಲದ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ದ್ವಾರಕಾನಾಥ ಕೋಟಣೀಸರು ಮುಂಬಯಿಯಲ್ಲಿ ವೈದ್ಯವಿದ್ಯೆ ಮುಗಿಸಿ, 1938ರಲ್ಲಿ ಜಪಾನಿನ ಆಕ್ರಮಣಕ್ಕೆ ತುತ್ತಾಗಿದ್ದ ಚೀನಕ್ಕೆ ಹೋದ ಐವರು ವೈದ್ಯರಲ್ಲಿ ಒಬ್ಬರಾದರು. ಗಾಯಾಳುಗಳ ಸೇವೆ ಮಾಡುತ್ತಲೇ 1942ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು. ಹೀಗಿರುವಾಗ ಗಾಜಾದ ಮಗುವಿಗಾಗಿ ಮರುಗುವ ತರುಣನನ್ನು ದೇಶದ್ರೋಹಿ ಎನ್ನುವುದು ನಮ್ಮ ಪರಂಪರೆಗೆ ಒಪ್ಪುವ ಮಾತಲ್ಲ.

ಆ ಭೂಮಿಯೊಡನೆ ಕನ್ನಡ ನಾಡಿಗೆ ನೇರ ಸಂಬಂಧವೂ ಇದೆ. ಮೊದಲನೆಯ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ತುರ್ಕರ ವಶದಲ್ಲಿದ್ದ ಹೈಫಾ ನಗರವನ್ನು ಗೆದ್ದುಕೊಟ್ಟವರು ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಲ್ಯಾನ್ಸರ್ ಅಶ್ವದಳದವರು. ಫಿರಂಗಿಗಳಿದ್ದ ಕಾರ್ಮೆಲ್ ಬೆಟ್ಟವನ್ನು ಏರಿದವರಲ್ಲಿ ಮೈಸೂರಿನ ಸವಾರರಿದ್ದರು. ದಿಲ್ಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಅಶ್ವದಳಗಳ ಸ್ಮಾರಕ. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರೂ ಸೇರಿತು. ಆ ಯೋಧರ ಶೌರ್ಯ ದೊಡ್ಡದು. ಆದರೆ ಅವರು ಹೋರಾಡಿದ್ದು ಬ್ರಿಟಿಷರ ಸಾಮ್ರಾಜ್ಯಕ್ಕಾಗಿ ಎಂಬುದನ್ನೂ ಮರೆಯಬಾರದು. ಅದಕ್ಕೂ ಹತ್ತು ತಿಂಗಳು ಮೊದಲು, 1917ರ ನವೆಂಬರ್ 2ರ ಬಾಲ್ಫೋರ್ ಘೋಷಣೆಯಲ್ಲಿ, ಬ್ರಿಟಿಷರು ಪ್ಯಾಲೆಸ್ತೀನಿನಲ್ಲಿ ಯೆಹೂದಿಯರಿಗೊಂದು ರಾಷ್ಟ್ರೀಯ ನೆಲೆ ಕೊಡುವ ಮಾತು ಕೊಟ್ಟಿದ್ದರು. ಅಲ್ಲಿ ಬಾಳುತ್ತಿದ್ದ ಅರಬರನ್ನು ಕೇಳಿರಲಿಲ್ಲ.

ಇದೇ ಸೆಪ್ಟೆಂಬರ್ 23, ಹೈಫಾ ದಿನ, 2024ರಲ್ಲಿ ಬೆಂಗಳೂರಿನ ವಿದ್ಯಾರ್ಥಿಗಳ ಮುಂದೆ ಬಂದು ನಿಂತಿತು. ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅಂದು ಭಾರತ-ಇಸ್ರೇಲ್ ವಾಣಿಜ್ಯ ಸಮಾವೇಶ ಗೊತ್ತಾಗಿತ್ತು. ರಕ್ಷಣೆ, ಸೈಬರ್ ಭದ್ರತೆ, ಕೃತಕ ಬುದ್ಧಿಮತ್ತೆ ಅದರ ವಿಷಯಗಳು. ಸಂಸ್ಥೆಯ ವಿದ್ಯಾರ್ಥಿಗಳೂ ದೇಶದ ವಿದ್ವಾಂಸರೂ ಸೇರಿ ಸಾವಿರಕ್ಕೂ ಹೆಚ್ಚು ಜನ, ಗಾಜಾದ ಯುದ್ಧ ನಡೆದಿರುವಾಗ ಇಂಥ ಸಮಾವೇಶಕ್ಕೆ ಸ್ಥಳ ಕೊಡಬೇಡಿರೆಂದು ನಿರ್ದೇಶಕರಿಗೆ ಬಹಿರಂಗ ಪತ್ರ ಬರೆದರು. ಅವರ ಬೇಡಿಕೆಯನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಕಾರಣಗಳನ್ನು ಬರೆದು, ಸಹಿ ಹಾಕಿ, ಹೊಣೆ ಹೊತ್ತು, ಸಂಬಂಧಪಟ್ಟವರಿಗೆ ಕೊಡುವುದು ವಿದ್ಯಾವಂತರಿಗೆ ತಕ್ಕ ಪ್ರತಿಭಟನೆಯ ರೀತಿ ಎಂದು ಮಾತ್ರ ಹೇಳುತ್ತೇನೆ. ಪ್ರಶ್ನೆ ಒಂದು ಸರ್ಕಾರದ ಯುದ್ಧವನ್ನೂ ಆಯುಧ ವ್ಯವಹಾರವನ್ನೂ ಕುರಿತದ್ದು. ಒಂದು ಜನಾಂಗವನ್ನು ಕುರಿತದ್ದಲ್ಲ.

ನಮ್ಮ ದೇಶದ ನಿಲುವು ಕೂಡ ಕಾಲಕಾಲಕ್ಕೆ ನಡೆದುಬಂದ ದಾರಿ ಸ್ವಾರಸ್ಯವಾಗಿದೆ. 1938ರ ನವೆಂಬರ್ 26ರ ‘ಹರಿಜನ’ ಪತ್ರಿಕೆಯಲ್ಲಿ ಗಾಂಧೀಜಿಯವರು ಪ್ಯಾಲೆಸ್ತೀನ್ ಅರಬರ ನೆಲವೆಂದು ಬರೆದರು. ಅದೇ ಲೇಖನದಲ್ಲಿ ಯೆಹೂದಿಯರ ಮೇಲೆ ತಮಗಿರುವ ಸಹಾನುಭೂತಿಯನ್ನೂ, ಜರ್ಮನಿಯಲ್ಲಿ ಅವರಿಗಾಗುತ್ತಿದ್ದ ಹಿಂಸೆಯ ಖಂಡನೆಯನ್ನೂ ಬರೆದರು. ದಕ್ಷಿಣ ಆಫ್ರಿಕದಲ್ಲಿ ಅವರ ಜೊತೆಗೆ ಬಾಳಿದ ಹರ್ಮನ್ ಕಲನ್‌ಬಾಕ್ ಯೆಹೂದಿಯೇ ಅಲ್ಲವೇ? ಸತ್ಯಾಗ್ರಹದಿಂದ ಹಿಟ್ಲರನನ್ನು ಎದುರಿಸಬೇಕೆಂಬ ಅವರ ಸಲಹೆಗೆ ತತ್ತ್ವಜ್ಞಾನಿ ಮಾರ್ಟಿನ್ ಬೂಬರರು 1939ರಲ್ಲಿ ನೊಂದು ಉತ್ತರ ಬರೆದರು. ಇಬ್ಬರು ದೊಡ್ಡವರು ಭಿನ್ನಾಭಿಪ್ರಾಯವನ್ನು ಎಷ್ಟು ಗೌರವದಿಂದ ನಡೆಸಬಹುದೆಂಬುದಕ್ಕೆ ಆ ಪತ್ರವೊಂದು ಸಾಕ್ಷಿ. 1947ರಲ್ಲಿ ವಿಶ್ವಸಂಸ್ಥೆಯಲ್ಲಿ ಭಾರತ ಪ್ಯಾಲೆಸ್ತೀನಿನ ವಿಭಜನೆಗೆ ವಿರುದ್ಧವಾಗಿ ಮತ ಹಾಕಿತು. 1950ರಲ್ಲಿ ಇಸ್ರೇಲಿಗೆ ಮಾನ್ಯತೆ ಕೊಟ್ಟಿತು. 1988ರಲ್ಲಿ ಪ್ಯಾಲೆಸ್ತೀನ್ ರಾಷ್ಟ್ರಕ್ಕೆ ಮಾನ್ಯತೆ ಕೊಟ್ಟಿತು. 1992ರಲ್ಲಿ ಇಸ್ರೇಲಿನೊಡನೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿತು. ಇಬ್ಬರಿಗೂ ದೇಶವಿರಲಿ ಎಂಬುದೇ ಇಂದಿಗೂ ದಿಲ್ಲಿಯ ಅಧಿಕೃತ ಮಾತು. ಆದ್ದರಿಂದ ಪ್ಯಾಲೆಸ್ತೀನಿನ ಹೆಸರೆತ್ತುವುದೇ ಅಪರಾಧವೆಂಬ ಭಾವನೆಗೆ ಆಧಾರವಿಲ್ಲ.

ಇನ್ನು ಯೆಹೂದಿಯರ ಕಡೆಗೆ ಬರೋಣ. ನಮ್ಮಲ್ಲಿ ಹೆಚ್ಚಿನವರು ಒಬ್ಬ ಯೆಹೂದಿಯನ್ನೂ ಕಂಡವರಲ್ಲ. ಆದರೆ ಅವರು ನಮಗೆ ಹೊರಗಿನವರಲ್ಲ. ಕೊಂಕಣದ ಬೆನೆ ಇಸ್ರೇಲಿಗಳು ಗಾಣದ ಎಣ್ಣೆ ತೆಗೆಯುತ್ತ, ಶನಿವಾರ ಗಾಣ ಕಟ್ಟದೆ ಇದ್ದುದರಿಂದ ‘ಶನಿವಾರ ತೇಲಿ’ ಎಂದು ಹೆಸರಾದವರು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಅವರ ರುದ್ರಭೂಮಿಗೆ 1904ರಲ್ಲಿ ಜಾಗ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. 1971ರ ಢಾಕಾ ವಿಜಯದಲ್ಲಿ ದೊಡ್ಡ ಪಾತ್ರ ವಹಿಸಿದ ಜನರಲ್ ಜೇಕಬ್ ಯೆಹೂದಿ. ಶತಮಾನಗಳ ಕಾಲ ಈ ನೆಲ ಅವರಿಗೆ ಆಶ್ರಯ ಕೊಟ್ಟಿತು ಎಂಬ ಹೆಮ್ಮೆ ನಮಗಿತ್ತು. 2008ರ ನವೆಂಬರಿನಲ್ಲಿ ಮುಂಬಯಿಯ ನರಿಮನ್ ಹೌಸಿಗೆ ನುಗ್ಗಿದ ಪಾಕಿಸ್ತಾನದ ಉಗ್ರರು ಆ ಹೆಮ್ಮೆಗೆ ಕಲೆ ಹಚ್ಚಿದರು. ಅಲ್ಲಿ ಸತ್ತವರು ಇಸ್ರೇಲಿನ ಸೈನಿಕರಲ್ಲ. ಒಬ್ಬ ಧರ್ಮಗುರು, ಗರ್ಭಿಣಿಯಾಗಿದ್ದ ಅವರ ಹೆಂಡತಿ, ಅವರ ಅತಿಥಿಗಳು. ಅವರ ಎರಡು ವರ್ಷದ ಮಗುವನ್ನು ಎತ್ತಿಕೊಂಡು ಹೊರಗೋಡಿ ಬದುಕಿಸಿದವರು ಮನೆಯ ದಾದಿ, ಭಾರತೀಯಳು.

ಯುರೋಪಿನಲ್ಲಿ ಈ ದ್ವೇಷಕ್ಕೆ ಶತಮಾನಗಳ ವಯಸ್ಸು. ಪ್ಲೇಗು ಬಂದರೆ ಬಾವಿಗೆ ವಿಷ ಹಾಕಿದವರು ಅವರೆಂದರು. ಸಾಲ ಮಾಡಿ ಕೆಟ್ಟವರು ಅವರನ್ನೇ ದೂರಿದರು. 1903ರಲ್ಲಿ ರಷ್ಯದಲ್ಲಿ ಅಚ್ಚಾದ, ಯೆಹೂದಿ ಹಿರಿಯರು ಜಗತ್ತನ್ನು ಆಳಲು ಸಂಚು ಹೂಡಿದ್ದಾರೆಂಬ ಪುಸ್ತಕ ಶುದ್ಧ ಸುಳ್ಳೆಂದು 1921ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಸಾಬೀತು ಮಾಡಿತು. ಆದರೂ ಆ ಸುಳ್ಳು ಸಾಯಲಿಲ್ಲ. ಅಂಥ ಸುಳ್ಳುಗಳ ಕೊನೆಯ ಫಲ 60 ಲಕ್ಷ ಯೆಹೂದಿಯರ ಕೊಲೆ. ಇಂದು ನಿಮ್ಮ ಮೊಬೈಲಿಗೆ ಬರುವ ‘ಜಗತ್ತಿನ ಬ್ಯಾಂಕು, ಪತ್ರಿಕೆಗಳೆಲ್ಲ ಅವರ ಕೈಯಲ್ಲಿವೆ’ ಎಂಬ ಸಂದೇಶ ಅದೇ ಹಳೆಯ ವಿಷ, ಹೊಸ ಬಾಟಲಿ.

ನಮ್ಮಲ್ಲಿ ಇನ್ನೊಂದು ವಿಚಿತ್ರವಿದೆ. ನಿಮ್ಮ ಮೆಚ್ಚಿನ ನಾಯಕ ಯಾರೆಂದು ಪ್ರಬಂಧ ಬರೆಸಿದರೆ, ವರ್ಷಕ್ಕೊಬ್ಬ ಹುಡುಗನಾದರೂ ಹಿಟ್ಲರನ ಹೆಸರು ಬರೆಯುತ್ತಿದ್ದ. ‘ಶಿಸ್ತು, ದೇಶಭಕ್ತಿ’ ಎಂದು ಕಾರಣ ಕೊಡುತ್ತಿದ್ದ. 2006ರಲ್ಲಿ ನವಿ ಮುಂಬಯಿಯಲ್ಲಿ ಒಂದು ಹೋಟೆಲಿಗೂ, 2012ರಲ್ಲಿ ಅಹಮದಾಬಾದಿನ ಒಂದು ಬಟ್ಟೆ ಅಂಗಡಿಗೂ ಅವನ ಹೆಸರಿಟ್ಟು, ಯೆಹೂದಿಯರು ನೊಂದುಕೊಂಡ ಮೇಲೆ ಬದಲಾಯಿಸಬೇಕಾಯಿತು. ಇಂದು ಇಸ್ರೇಲನ್ನು ಹೊಗಳುವ ಬಾಯಿ, ಇಸ್ರೇಲನ್ನು ಬಯ್ಯುವ ಬಾಯಿ, ಎರಡರಲ್ಲೂ ಹಿಟ್ಲರನ ಸ್ತುತಿ ಕೇಳಿದ್ದೇನೆ. ಇದಕ್ಕೆ ಅಜ್ಞಾನವೇ ಕಾರಣ. ಅಜ್ಞಾನವೆಂದು ಸುಮ್ಮನಿರುವಂತಿಲ್ಲ.

ಅಮೆರಿಕೆಯಲ್ಲಿ ಓದುವ ಮಕ್ಕಳಿರುವ ಬಂಧುಗಳು ಮುಂದಿನ ಮಾತನ್ನು ಗಮನವಿಟ್ಟು ಓದಬೇಕು. 2024ರ ಏಪ್ರಿಲ್ 17ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಹುಲ್ಲುಹಾಸಿನ ಮೇಲೆ ವಿದ್ಯಾರ್ಥಿಗಳು ಗುಡಾರ ಹಾಕಿ ಕುಳಿತರು. ಅಲ್ಲಿಂದ ಚಳವಳಿ ದೇಶವೆಲ್ಲ ಹಬ್ಬಿ, ಮೂರು ಸಾವಿರಕ್ಕೂ ಹೆಚ್ಚು ಜನರ ಬಂಧನವಾಯಿತು. ಆ ಗುಡಾರಗಳಲ್ಲಿ ಯೆಹೂದಿ ವಿದ್ಯಾರ್ಥಿಗಳೂ ಇದ್ದರು. ಕೊಲಂಬಿಯಾ 2023ರ ನವೆಂಬರಿನಲ್ಲಿ ಅಮಾನತು ಮಾಡಿದ ಎರಡು ಸಂಘಗಳಲ್ಲಿ ಒಂದು ಯೆಹೂದಿಯರದೇ ಶಾಂತಿ ಸಂಘ. ಹಾಗಿರುವಾಗ ಚಳವಳಿಯನ್ನೆಲ್ಲ ಯೆಹೂದಿ ದ್ವೇಷವೆಂದು ತಳ್ಳಿಹಾಕುವುದು ಅನ್ಯಾಯ. ಆದರೆ ಅದೇ ಕೊಲಂಬಿಯಾದಲ್ಲಿ ಮುಂದಾಳಾಗಿದ್ದ ಒಬ್ಬ ವಿದ್ಯಾರ್ಥಿ, ಜಿಯೋನಿಸ್ಟರು ಬದುಕಲು ಅರ್ಹರಲ್ಲವೆಂದು ಹೇಳಿದ ವಿಡಿಯೋ ಹೊರಬಿತ್ತು. ಆವರಣಕ್ಕೆ ಅವನ ಪ್ರವೇಶ ನಿಂತಿತು. ತಲೆಯ ಮೇಲಿನ ಪುಟ್ಟ ಟೋಪಿ ನೋಡಿ ಬಯ್ಗುಳ ಕೇಳಬೇಕಾದ ಹುಡುಗರ ಭಯ ನಾಟಕವಲ್ಲ. 2023ರ ನವೆಂಬರಿನಲ್ಲಿ ವರ್ಮಾಂಟಿನಲ್ಲಿ ಪ್ಯಾಲೆಸ್ತೀನ್ ಮೂಲದ ಮೂವರು ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. 2025ರ ಮೇ ತಿಂಗಳಿನಲ್ಲಿ ವಾಷಿಂಗ್ಟನ್ನಿನಲ್ಲಿ ಇಸ್ರೇಲ್ ರಾಯಭಾರ ಕಚೇರಿಯ ಇಬ್ಬರು ತರುಣ ನೌಕರರು ಗುಂಡಿಗೆ ಬಲಿಯಾದರು. ಇತ್ತ ಸರ್ಕಾರವೂ ಮಿತಿ ಮೀರಿತು. 2025ರ ಮಾರ್ಚಿನಲ್ಲಿ ವಿದ್ಯಾರ್ಥಿ ಪತ್ರಿಕೆಗೆ ಒಂದು ಲೇಖನ ಬರೆದವರಲ್ಲಿ ಒಬ್ಬಳಾಗಿದ್ದ ತುರ್ಕಿಯ ಸಂಶೋಧಕಿಯನ್ನು ಬೀದಿಯಲ್ಲಿ ಹಿಡಿದೊಯ್ದರು. ಕೊಲಂಬಿಯಾದ ಭಾರತೀಯ ವಿದ್ಯಾರ್ಥಿನಿಯೊಬ್ಬಳು ವೀಸಾ ರದ್ದಾಗಿ ದೇಶ ಬಿಟ್ಟಳು.

ಘೋಷಣೆಗಳಿಗೂ ಇತಿಹಾಸವಿರುತ್ತದೆ. ‘ಇಂತಿಫಾದಾ’ ಎಂದರೆ ಕೊಡವಿ ಏಳುವುದು. 1987ರಲ್ಲಿ ಶುರುವಾದ ಮೊದಲನೆಯದರಲ್ಲಿ ಮುಷ್ಕರ, ಕಲ್ಲು ಮುಖ್ಯವಾಗಿದ್ದವು; 2000ದಲ್ಲಿ ಶುರುವಾದ ಎರಡನೆಯದರಲ್ಲಿ ಬಸ್ಸು, ಹೋಟೆಲುಗಳಲ್ಲಿ ಆತ್ಮಾಹುತಿ ಬಾಂಬುಗಳು ಸಿಡಿದವು. ಕೂಗುವವನ ಮನಸ್ಸಿನಲ್ಲಿ ಮೊದಲನೆಯದು, ಕೇಳುವವನ ಮನಸ್ಸಿನಲ್ಲಿ ಎರಡನೆಯದು. ನದಿಯಿಂದ ಸಮುದ್ರದವರೆಗೆ ಎಂಬ ಮಾತನ್ನು ಒಬ್ಬನು ಎಲ್ಲರ ಬಿಡುಗಡೆ ಎಂದು ಅರ್ಥಮಾಡುತ್ತಾನೆ, ಇನ್ನೊಬ್ಬನಿಗೆ ಅದು ತನ್ನ ದೇಶದ ಅಳಿವು. ಇಸ್ರೇಲಿನ ಲಿಕುಡ್ ಪಕ್ಷವೂ 1977ರ ಪ್ರಣಾಳಿಕೆಯಲ್ಲಿ ಸಮುದ್ರಕ್ಕೂ ಜೋರ್ಡನ್ ನದಿಗೂ ನಡುವೆ ಇಸ್ರೇಲಿನದೇ ಆಳ್ವಿಕೆ ಎಂದಿತ್ತು. ಆದ್ದರಿಂದ ತಾನು ಕೂಗುವ ಮಾತು ಎದುರಿನವನ ಕಿವಿಯಲ್ಲಿ ಏನಾಗುತ್ತದೆಂದು ತಿಳಿದು ಕೂಗಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಸರ್ಕಾರವನ್ನು ಟೀಕಿಸುವುದಕ್ಕೂ ಜನಾಂಗವನ್ನು ದ್ವೇಷಿಸುವುದಕ್ಕೂ ಇರುವ ಅಂತರ ತಿಳಿಯಲು ದೂರ ಹೋಗಬೇಕಾಗಿಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿ ಮಧ್ಯಂತರ ಆದೇಶದ ಮೇಲೆ ಬೆಂಗಳೂರು ಹೊತ್ತಿ ಉರಿಯಿತು. ತಮಿಳುನಾಡು ಸರ್ಕಾರದ ನಿಲುವನ್ನು ವಿರೋಧಿಸುವುದು ಕನ್ನಡಿಗನ ಹಕ್ಕು. ಆದರೆ ಗಾರೆ ಕೆಲಸದ ಬಡ ತಮಿಳನ ಗುಡಿಸಲಿಗೆ ಬೆಂಕಿ ಹಚ್ಚುವುದು? ನೀರು ಹಂಚಿದವನು ಅವನೇ? ಬೆಳಗಾವಿಯ ಗಡಿ ವಾದದಲ್ಲಿ ಮರಾಠಿ ವ್ಯಾಪಾರಿಯೂ, ಅತ್ತ ಕಡೆ ಕನ್ನಡದ ಬಸ್ ಚಾಲಕನೂ ಏಟು ತಿಂದದ್ದು ಇದೇ ಬಗೆಯ ತಪ್ಪಿನಿಂದ. ಗಾಜಾದ ಬಾಂಬಿಗೆ ಮೈಸೂರು ರಸ್ತೆಯ ಸಮಾಧಿಗಳಲ್ಲಿ ಮಲಗಿದವರು ಹೊಣೆಯಲ್ಲ. ಹಮಾಸಿನ ಕೊಲೆಗೆ ನಮ್ಮೂರಿನ ಮಗ್ಗದ ಮನೆಯ ಹುಡುಗ ಹೊಣೆಯಲ್ಲ.

ಈ ಕೊನೆಯ ಮಾತು ನಮ್ಮ ರಾಜ್ಯಕ್ಕೆ ಬಹಳ ಬೇಕಾಗಿದೆ. 2023ರ ಅಕ್ಟೋಬರಿನಲ್ಲಿ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಪ್ಯಾಲೆಸ್ತೀನ್ ಪರವಾಗಿ ಸೇರಿದವರ ಮೇಲೆ, ಅನುಮತಿಯಿಲ್ಲವೆಂದು ಪ್ರಕರಣ ದಾಖಲಾಯಿತು. ಅದೇ ತಿಂಗಳು ಹೊಸಪೇಟೆಯಲ್ಲಿ ಮೊಬೈಲಿನ ಸ್ಟೇಟಸ್ಸಿಗಾಗಿ ತರುಣನೊಬ್ಬನನ್ನು ವಶಕ್ಕೆ ಪಡೆದರು. 2024ರ ಸೆಪ್ಟೆಂಬರಿನಲ್ಲಿ ಚಿಕ್ಕಮಗಳೂರಿನಲ್ಲಿ ಪ್ಯಾಲೆಸ್ತೀನ್ ಧ್ವಜ ಹಿಡಿದು ಬೈಕಿನಲ್ಲಿ ಹೋದ ಹುಡುಗರ ಸುದ್ದಿ ರಾಜ್ಯವೆಲ್ಲ ಹರಡಿತು. ಕಾನೂನು ಎಲ್ಲರಿಗೂ ಒಂದೇ ಇರಲಿ. ಕೊಲೆಗಡುಕರನ್ನು ಹೊಗಳುವುದು ಬೇರೆ, ಸತ್ತವರಿಗಾಗಿ ಮರುಗುವುದು ಬೇರೆ ಎಂಬ ವಿವೇಕ ಪೊಲೀಸರಿಗೂ ಇರಲಿ, ಹುಡುಗರಿಗೂ ಇರಲಿ. ಒಂದು ಕಿಡಿ ಎಷ್ಟು ಬೇಗ ಹತ್ತುತ್ತದೆಂಬುದನ್ನು ನಾವು ಹತ್ತಿರದಿಂದ ಕಂಡಿದ್ದೇವೆ. 2022ರ ಫೆಬ್ರವರಿ 8ರಂದು ಹಿಜಾಬ್ ವಿವಾದದಲ್ಲಿ ಪಕ್ಕದ ಬನಹಟ್ಟಿಯ ಕಾಲೇಜಿನ ಬಳಿ ಕಲ್ಲು ತೂರಾಟವಾಗಿ, ಅದೇ ದಿನ ರಾಜ್ಯದ ಪ್ರೌಢಶಾಲೆ, ಕಾಲೇಜುಗಳಿಗೆ ಮೂರು ದಿನ ರಜೆ ಘೋಷಿಸಬೇಕಾಯಿತು. ಕಲ್ಲು ಎಸೆದವರೂ, ಏಟು ತಿಂದವರೂ ನಮ್ಮ ಮಕ್ಕಳೇ.

ಪ್ರಿಯ ವಿದ್ಯಾರ್ಥಿಗಳೇ, ಪ್ರತಿಭಟಿಸಬೇಡಿರೆಂದು ನಾನು ಹೇಳುವುದಿಲ್ಲ. ಅನ್ಯಾಯವನ್ನು ಕಂಡು ಕಣ್ಣು ಮುಚ್ಚುವುದನ್ನು ನಾನು ನಿಮಗೆ ಕಲಿಸಿಲ್ಲ. ನಿಮ್ಮ ಮಾತಿನಲ್ಲಿ ಒಂದು ದೇಶದ ಅಥವಾ ಸಂಘಟನೆಯ ಕೃತ್ಯದ ಹೆಸರಿರಲಿ, ಒಂದು ಕುಲದ ಹೆಸರು ಬೇಡ. ಅಕ್ಟೋಬರ್ 7ರ ಸತ್ತವರನ್ನೂ ಗಾಜಾದ ಸತ್ತವರನ್ನೂ ಒಂದೇ ಉಸಿರಿನಲ್ಲಿ ನೆನೆಯಲು ನಿಮ್ಮಿಂದ ಆಗುವುದಾದರೆ, ಆಗ ಧೈರ್ಯವಾಗಿ ಬೀದಿಗೆ ಇಳಿಯಿರಿ, ನಿಮ್ಮ ಹೆಸರು ಬರೆದು ಸಹಿ ಹಾಕಿರಿ. ಆಗದಿದ್ದರೆ ಆ ಸಂದೇಶವನ್ನು ಮುಂದೆ ಕಳಿಸುವ ಮೊದಲು ಒಂದು ರಾತ್ರಿ ಇಟ್ಟುಕೊಳ್ಳಿರಿ. ಬೆಳಿಗ್ಗೆ ಎದ್ದು ಓದಿದಾಗ, ನಿಮ್ಮೊಡನೆ ಅದೇ ಬೆಂಚಿನ ಮೇಲೆ ಕುಳಿತಿದ್ದ ಗೆಳೆಯನ ಮುಖ ನೆನಪಾದರೆ, ಅದನ್ನು ಅಳಿಸಿಬಿಡಿರಿ.