ಬೀದಿಯ ನೋಡುಗ, ಪರದೆಯ ನೋಡುಗ: ಬಾದಲ್ ನಂಜುಂಡಸ್ವಾಮಿ ಕೃತಿಗಳ ಮರುವಿಂಗಡಣೆ

ಬಾದಲ್ ನಂಜುಂಡಸ್ವಾಮಿ ಅವರ ಕಲಾಜೀವನದ ಹೊರರೇಖೆಯ ಬಗ್ಗೆ ತಕರಾರಿಲ್ಲ. ಮೈಸೂರಿನ 'ಕಾವಾ' ಕಲಾಶಾಲೆಯಲ್ಲಿ ಕಲಿಕೆ, ಜಾಹೀರಾತು ಸಂಸ್ಥೆಯಲ್ಲಿ ದುಡಿಮೆ, ಸಿನಿಮಾಕ್ಕೆ ಕಲಾನಿರ್ದೇಶನ, ಜೊತೆಗೆ ಬೆಂಗಳೂರಿನ ರಸ್ತೆಗುಂಡಿಗಳಲ್ಲಿ ರೂಪಿಸಿದ ಕೃತಿಗಳು. ಪತ್ರಿಕಾ ಬರಹಗಳು ಇವರ ಗುಂಡಿ ಕೃತಿಗಳನ್ನೆಲ್ಲ 'ಬೀದಿಕಲೆಯ ಪ್ರತಿಭಟನೆ' ಎಂದು ಒಂದೇ ಗಂಟು ಕಟ್ಟುತ್ತವೆ. ನನ್ನ ಭಿನ್ನಾಭಿಪ್ರಾಯ ಇರುವುದು ಇಲ್ಲಿ: ಕೆಲವು ಬೀದಿಯ ನೋಡುಗನಿಗಾಗಿ, ಕೆಲವು ಪರದೆಯ ನೋಡುಗನಿಗಾಗಿ.

2015ರ ಜೂನ್‌ನಲ್ಲಿ ಸುಲ್ತಾನ್‌ಪಾಳ್ಯದ ಹೊಂಡದಲ್ಲಿ ಮಲಗಿಸಿದ ಮೊಸಳೆಯನ್ನು ಗಮನಿಸಿ. ನಿಜಗಾತ್ರದ ಫೈಬರ್ ಪ್ರಾಣಿ, ಸುತ್ತ ಹಸಿರು ಬಣ್ಣದ ನೀರು. ಬೈಕಿನವನು ಬ್ರೇಕ್ ಹಾಕುತ್ತಾನೆ, ಬಸ್ಸಿನ ಕಿಟಕಿಯಿಂದ ತಲೆಗಳು ಹೊರಬರುತ್ತವೆ. ಫೋಟೊ ಇಲ್ಲದಿದ್ದರೂ ಕೃತಿ ಪೂರ್ಣ. 2019ರ ಸೆಪ್ಟೆಂಬರ್‌ನಲ್ಲಿ ಹೇರೋಹಳ್ಳಿ ಬಳಿ ಚಿತ್ರೀಕರಿಸಿದ 'ಚಂದ್ರನಡಿಗೆ' ವಿಡಿಯೊ ಹಾಗಲ್ಲ. ಗಗನಯಾತ್ರಿಯ ಉಡುಪಿನಲ್ಲಿ ನಟ ಪೂರ್ಣಚಂದ್ರ ಮೈಸೂರು ತೇಲುವಂತೆ ಹೆಜ್ಜೆ ಇಡುತ್ತಾರೆ. ಪಕ್ಕದಲ್ಲಿ ಆಟೋ ಹಾದಾಗಲೇ ಅದು ಚಂದ್ರನಲ್ಲ, ಬೆಂಗಳೂರು ಎಂದು ಹೊಳೆಯುವುದು. ಸ್ಥಳದಲ್ಲಿದ್ದವನಿಗೆ ಈ ಭ್ರಮೆಯೇ ಇರಲಿಲ್ಲ, ಅವನಿಗೆ ಆಟೋ ಮೊದಲೇ ಕಾಣುತ್ತಿತ್ತು. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯಬೇಕಿದ್ದ ವಾರವೇ ವಿಡಿಯೊ ಹೊರಬಂದದ್ದೂ ಆಕಸ್ಮಿಕವಾಗಿ ತೋರುವುದಿಲ್ಲ.

ಹಾಗಾದರೆ 2019ರ ಕೃತಿ ಬೀದಿಕಲೆಯೇ ಅಲ್ಲ, ಬೀದಿಯನ್ನು ಸೆಟ್ ಮಾಡಿಕೊಂಡ ಸಿನಿಮಾ ಎನ್ನಬಹುದೆ? ಎನ್ನಬಹುದು, ಆದರೆ ಎಚ್ಚರದಿಂದ. ಮೊಸಳೆಯೂ ಸುದ್ದಿವಾಹಿನಿಗಳಿಂದಲೇ ಊರಾಚೆ ತಲುಪಿತು. 2017ರಲ್ಲಿ ನಟಿ ಸೋನು ಗೌಡ ಮತ್ಸ್ಯಕನ್ಯೆಯಾಗಿ ಗುಂಡಿಯಲ್ಲಿ ಕುಳಿತದ್ದು ಎರಡರ ನಡುವಿನ ಹಂತ: ನಟನೆ ಬಂದಿತ್ತು, ದಾರಿಹೋಕನ ಬೆರಗು ಉಳಿದಿತ್ತು. ಎಂದಮೇಲೆ ಬೀದಿಯಿಂದ ಪರದೆಗೆ ಆದ ಈ ಬದಲಾವಣೆಯನ್ನು ಕಡಿದುಹೋದ ಗೆರೆ ಎನ್ನದೆ, ವಾಲುವಿಕೆ ಎನ್ನುವುದೇ ಸರಿ. ಆದರೂ ವಾಲಿದ ದಿಕ್ಕು ಸ್ಪಷ್ಟ, ಅದು ಕಲಾನಿರ್ದೇಶಕನ ಕಸುಬಿನ ಕಡೆಗೇ ಇದೆ.

ಈ ವಿಂಗಡಣೆ ನಮ್ಮ ಕಲಬುರಗಿ ಭಾಗಕ್ಕೂ ಮುಖ್ಯ. ಸಿಮೆಂಟ್ ಮತ್ತು ಶಹಾಬಾದ್ ಕಲ್ಲು ಹೊತ್ತ ಲಾರಿಗಳು ಓಡುವ ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ರಸ್ತೆಗಳಲ್ಲಿ ಗುಂಡಿಗೆ ಬರವಿಲ್ಲ. ಬೆಂಗಳೂರಿನಲ್ಲಿ ಕಲಾವಿದ, ಸುದ್ದಿಮನೆ, ಪಾಲಿಕೆ ಕಚೇರಿ ಒಂದೇ ಊರಿನವು. ಮೊಸಳೆಗೆ ಅಧಿಕಾರಿಗಳನ್ನು ಎಬ್ಬಿಸುವ ಬಲ ಬಂದದ್ದು ಆ ಸಾಮೀಪ್ಯದಿಂದ. ಪರದೆಯ ನೋಡುಗನನ್ನು ನಂಬಿದ ಕೃತಿಗೆ ಆ ಸಾಮೀಪ್ಯ ಬೇಕಿಲ್ಲ ಎಂಬುದು ತರ್ಕ. ವಾಡಿಯಲ್ಲಿ ತೆಗೆದ ವಿಡಿಯೊ ಅಧಿಕಾರಿಯನ್ನು ಅಷ್ಟೇ ಬೇಗ ಎಬ್ಬಿಸೀತೆ ಎಂಬುದು ಇನ್ನೂ ಬಗೆಹರಿಯದ ಪ್ರಶ್ನೆ. ಕಲಬುರಗಿಯ ಕಲಾವಿದ್ಯಾರ್ಥಿಗಳು ಇದನ್ನು ತಮ್ಮ ಅಧ್ಯಯನಕ್ಕೆ ಎತ್ತಿಕೊಳ್ಳಬೇಕೆಂದು ಕೋರುತ್ತೇನೆ.